ಎಲ್ಲರೂ ನೋಡಿದ್ದು ಅದೇ ಮೂಳೆ: ಆರ್ಕಿಯೋಪ್ಟೆರಿಕ್ಸ್‌ನ ಮನೆತನದ ಜಗಳ

2011ರ ಜುಲೈ ಕೊನೆಯ ವಾರ. ಚೀನಾದ ಪ್ರಾಗ್ಜೀವಿ ತಜ್ಞ ಶೂ ಶಿಂಗ್ ಮತ್ತು ಅವರ ಮೂವರು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಕೋಳಿ ಗಾತ್ರದ ಒಂದು ಹೊಸ ಡೈನೋಸಾರ್‌ಗೆ ಹೆಸರಿಟ್ಟರು. ಶಿಯಾವೊಟಿಂಗಿಯಾ ಝೆಂಗಿ. ಲಿಯಾವೊನಿಂಗ್ ಪ್ರಾಂತ್ಯದ ಕಲ್ಲಿನಲ್ಲಿ ಸಿಕ್ಕಿದ್ದು, ಸುಮಾರು 16 ಕೋಟಿ ವರ್ಷ ಹಳೆಯದು, ಮೈಮೇಲೆ ಗರಿಯ ಗುರುತು. ಆ ಹೊತ್ತಿಗೆ ಚೀನಾದಿಂದ ಗರಿಯಿರುವ ಡೈನೋಸಾರ್‌ಗಳು ಮೇಲಿಂದ ಮೇಲೆ ಬರುತ್ತಿದ್ದವು. ಇನ್ನೊಂದು ಬಂತು ಅಂತ ಜನ ಸುಮ್ನಿರಬಹುದಿತ್ತು.

ಆದರೆ ಸುಮ್ನಿರಲಿಲ್ಲ. ಪ್ರಬಂಧದಲ್ಲಿ ಒಂದು ವಂಶವೃಕ್ಷದ ಚಿತ್ರ ಇತ್ತು. ಅದರಲ್ಲಿ ಹಕ್ಕಿಗಳ ಕೊಂಬೆಯ ಬುಡದಲ್ಲಿ ಆರ್ಕಿಯೋಪ್ಟೆರಿಕ್ಸ್ ಇರಲಿಲ್ಲ. ಪಕ್ಕದ ಕೊಂಬೆಗೆ, ವೆಲಾಸಿರಾಪ್ಟರ್ ಅನ್ನುವ ಬೇಟೆಗಾರ ಡೈನೋಸಾರ್ ಇರುವ ಕೊಂಬೆಗೆ ಹೋಗಿ ಕೂತಿತ್ತು. 1861ರಲ್ಲಿ ಹೆಸರು ಸಿಕ್ಕಾಗಿನಿಂದ ಸರಿಯಾಗಿ 150 ವರ್ಷ 'ಮೊದಲ ಹಕ್ಕಿ' ಅನ್ನಿಸಿಕೊಂಡ ಪ್ರಾಣಿ ಅದು. ಶಾಲೆಯ ಪುಸ್ತಕದಲ್ಲಿ ಸರೀಸೃಪಕ್ಕೂ ಹಕ್ಕಿಗೂ ನಡುವಿನ ಕೊಂಡಿ ಅಂತ ನಾವೂ ಓದಿದ್ದೆವು ಅಲ್ವಾ, ಅದೇ. ಹುಟ್ಟುಹಬ್ಬದ ವರ್ಷವೇ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು.

ಈ ಪ್ರಕರಣ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಮೂಳೆಯನ್ನು ತಪ್ಪಾಗಿ ಅಳೆಯಲಿಲ್ಲ. ಎಲ್ಲರ ಮುಂದೆ ಇದ್ದದ್ದು ಅದೇ ಮೂಳೆಗಳು, ಅದೇ ಪಟ್ಟಿ. ಜಗಳ ಆದದ್ದು ಎಣಿಸುವುದು ಹೇಗೆ ಅನ್ನುವ ವಿಷಯಕ್ಕೆ.

ಹಸು ಕೊಳ್ಳಲು ಮಾರಿದ ಹಕ್ಕಿ

ಸ್ವಲ್ಪ ಹಿಂದಕ್ಕೆ ಹೋಗೋಣ. ಜರ್ಮನಿಯ ಬವೇರಿಯಾದಲ್ಲಿ ಸೋಲ್ನ್‌ಹೋಫೆನ್ ಅಂತ ಊರು. ಅಲ್ಲಿನ ಸುಣ್ಣಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ, ಮೈ ನುಣುಪು. ಲಿಥೋ ಅಚ್ಚಿನ ಕೆಲಸಕ್ಕೆ ಬೇಕಾದ ಕಲ್ಲು ಅದೇ. ಕಲ್ಲು ಸೀಳುವ ಕೆಲಸಗಾರರ ಕೈಗೆ ಆಗಾಗ ಮೀನು, ಸಿಗಡಿ, ಹಾರುವ ಹಲ್ಲಿಗಳ ಅಚ್ಚು ಸಿಗುತ್ತಿತ್ತು. 1861ರಲ್ಲಿ ಒಂದೇ ಒಂದು ಗರಿ ಸಿಕ್ಕಿತು. ಹರ್ಮನ್ ಫಾನ್ ಮೇಯರ್ ಅದನ್ನು ವಿವರಿಸಿದರು. ಅದರ ಬೆನ್ನಿಗೇ ಇಡೀ ಅಸ್ಥಿಪಂಜರ. ಮರುವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅದನ್ನು ಬೇರೆ ಪಳೆಯುಳಿಕೆಗಳ ಜೊತೆ 700 ಪೌಂಡ್ ಕೊಟ್ಟು ಕೊಂಡಿತು.

ಇನ್ನೂ ಚೆಂದದ ಅಚ್ಚು ಸಿಕ್ಕಿದ್ದು 1870ರ ದಶಕದಲ್ಲಿ, ಯಾಕೋಬ್ ನೀಮೆಯರ್ ಅನ್ನುವ ರೈತನಿಗೆ. ಆತನಿಗೆ ಒಂದು ಹಸು ಬೇಕಿತ್ತು. ಕಲ್ಲನ್ನು ಮಾರಿ ಹಸು ತಂದ. ಅದೇ ಕಲ್ಲು ಕೈಯಿಂದ ಕೈಗೆ ಹೋಗಿ ಕೊನೆಗೆ ಬರ್ಲಿನ್ ಸೇರಿತು. ಅದಕ್ಕಾಗಿ ಉದ್ಯಮಿ ವೆರ್ನರ್ ಸೀಮೆನ್ಸ್ 20,000 ಮಾರ್ಕ್ ಕೊಟ್ಟರು. ರೆಕ್ಕೆ ಚಾಚಿ, ಕತ್ತು ಹಿಂದಕ್ಕೆ ಮುರಿದು ಬಿದ್ದಿರುವ, ನಾವೆಲ್ಲ ಚಿತ್ರದಲ್ಲಿ ನೋಡಿರುವ ಆರ್ಕಿಯೋಪ್ಟೆರಿಕ್ಸ್ ಇದೇ.

ಹಕ್ಕಿ ಅನ್ನುವುದಕ್ಕೆ ಗರಿ ಇತ್ತು. ಆದರೆ ಬಾಯಲ್ಲಿ ಹಲ್ಲು. ಹಿಂದೆ 20ಕ್ಕೂ ಜಾಸ್ತಿ ಮೂಳೆಗಳ ಉದ್ದ ಬಾಲ. ಕೈಯಲ್ಲಿ ಬಿಡಿಬಿಡಿಯಾದ ಮೂರು ಬೆರಳು, ತುದಿಯಲ್ಲಿ ಉಗುರು. ಗರಿ ಒಂದನ್ನು ಅಳಿಸಿಬಿಟ್ಟರೆ ಏನಾಗುತ್ತಿತ್ತು?

ಇದು ಬರೀ ಕಲ್ಪನೆಯ ಪ್ರಶ್ನೆ ಅಲ್ಲ. 1951ರಲ್ಲಿ ಐಖ್‌ಸ್ಟೆಟ್ ಬಳಿ ಒಂದು ಚಿಕ್ಕ ಅಸ್ಥಿಪಂಜರ ಸಿಕ್ಕಿತು. ಅದನ್ನು ಕಾಂಪ್ಸೋಗ್ನೇಥಸ್ ಅನ್ನುವ ಪುಟ್ಟ ಡೈನೋಸಾರ್ ಅಂತ ಗುರುತಿಸಿದರು. ಎರಡು ದಶಕ ಅದು ಆ ಹೆಸರಲ್ಲೇ ಇತ್ತು. 1973ರಲ್ಲಿ ಯಾರೋ ಕಲ್ಲಿನ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟು ನೋಡುವಷ್ಟು ತಾಳ್ಮೆ ತೋರಿದ ಮೇಲೆ ಮಸುಕಾದ ಗರಿಯ ಗೆರೆಗಳು ಲೆಕ್ಕಕ್ಕೆ ಬಂದವು. ಅದು ಆರ್ಕಿಯೋಪ್ಟೆರಿಕ್ಸ್. ಅಂದರೆ, ಮೂಳೆ ಮಾತ್ರ ನೋಡಿದ ತಜ್ಞರ ಕಣ್ಣಿಗೆ 'ಮೊದಲ ಹಕ್ಕಿ' ಡೈನೋಸಾರ್ ಆಗಿಯೇ ಕಂಡಿತ್ತು. ನನ್ನ ಪ್ರಕಾರ 2011ರ ಜಗಳದ ಬೀಜ ಇಲ್ಲೇ ಇದೆ.

ಯಾವ ಸಾಮ್ಯ ಲೆಕ್ಕಕ್ಕೆ ಬರುತ್ತದೆ

ಕೋಳಿ ಸಾರು ಮಾಡುವ ದಿನ ಒಂದು ಕೆಲಸ ಮಾಡಿ. ರೆಕ್ಕೆಯ ತುಂಡನ್ನು ಬಾಣಲೆಗೆ ಹಾಕುವ ಮೊದಲು ಕೈಯಲ್ಲಿ ಹಿಡಿದು ಮಡಿಸಿ ನೋಡಿ. ನಮ್ಮ ಮಣಿಕಟ್ಟು ಮೇಲೆ ಕೆಳಗೆ ಬಾಗುತ್ತದೆ. ಕೋಳಿಯದ್ದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಬೀಸಣಿಗೆ ಮುಚ್ಚಿದ ಹಾಗೆ. ತುದಿಯ ತುಂಡಿನಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಣ್ಣ ಹೆಬ್ಬೆರಳಿನಂಥದ್ದು ಮಾತ್ರ ಪಕ್ಕದಲ್ಲಿ ಎದ್ದು ನಿಂತಿರುತ್ತದೆ. ಚರ್ಮ ಬಿಡಿಸಿದರೆ ಮೂರು ಬೆರಳಿನ ಲೆಕ್ಕ ಸಿಗುತ್ತದೆ. ಆಮೇಲೆ ಎದೆಯ ತುಂಡಿನ ಮುಂದೆ, ಕತ್ತಿನ ಬುಡದಲ್ಲಿ, ವಿ ಆಕಾರದ ತೆಳ್ಳನೆಯ ಮೂಳೆ ಇರುತ್ತದೆ. ಎರಡು ಕಡೆಯ ಕೊರಳೆಲುಬು ಕೂಡಿ ಆದದ್ದು. ಇದನ್ನು ಕವಲು ಮೂಳೆ ಅನ್ನೋಣ.

ಈಗ ಜಾನ್ ಆಸ್ಟ್ರಮ್ ಕಥೆ. ಅಮೆರಿಕದ ಮೊಂಟಾನಾದಲ್ಲಿ 1964ರಲ್ಲಿ ಅವರಿಗೆ ಒಂದು ಬೇಟೆಗಾರ ಡೈನೋಸಾರ್ ಸಿಕ್ಕಿತು. 1969ರಲ್ಲಿ ಡೈನೋನಿಕಸ್ ಅಂತ ಹೆಸರಿಟ್ಟರು. ಕಾಲಿನ ಎರಡನೇ ಬೆರಳಿನಲ್ಲಿ ಕುಡುಗೋಲಿನಂಥ ಉಗುರು. ಆ ಬೆರಳು ನೆಲಕ್ಕೆ ತಾಗದಂತೆ ಮೇಲಕ್ಕೆ ಎತ್ತಿಕೊಂಡಿರುತ್ತಿತ್ತು. ಅದರ ಮಣಿಕಟ್ಟಿನಲ್ಲಿ ಅರ್ಧಚಂದ್ರದ ಆಕಾರದ ಒಂದು ಮೂಳೆ ಇತ್ತು. ಕೈಯನ್ನು ಪಕ್ಕಕ್ಕೆ ಮಡಿಸಲು ಬಿಡುವುದು ಅದೇ. ಆರ್ಕಿಯೋಪ್ಟೆರಿಕ್ಸ್‌ನಲ್ಲೂ ಅದೇ ಮೂಳೆ. ನಿಮ್ಮ ಕೋಳಿಯಲ್ಲಿ ಅದು ಪಕ್ಕದ ಮೂಳೆಗಳ ಜೊತೆ ಬೆಸೆದುಕೊಂಡಿದೆ, ಅಷ್ಟೇ ವ್ಯತ್ಯಾಸ. ಹಕ್ಕಿಗಳು ಡೈನೋಸಾರ್‌ಗಳ ವಂಶದವು ಅನ್ನುವ ಹಳೆಯ ಮಾತಿಗೆ 1970ರ ದಶಕದಲ್ಲಿ ಮತ್ತೆ ಜೀವ ಬಂದದ್ದು ಇಂಥ ಮೂಳೆಗಳಿಂದ.

ಹಾಗಾದರೆ ಹೋಲಿಕೆ ಇದ್ದರೆ ಸಾಕೇ? ಸಾಲದು. ಜರ್ಮನಿಯ ಕೀಟತಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಒಂದು ನಿಯಮ ಹೇಳಿದ್ದರು. ನಾನೂ ನನ್ನ ಚಿಕ್ಕಪ್ಪನ ಮಗನೂ ಒಂದೇ ಮನೆತನ ಅಂತ ತೋರಿಸಲು 'ಇಬ್ಬರಿಗೂ ಎರಡು ಕಣ್ಣಿದೆ' ಅಂದರೆ ಯಾರೂ ಒಪ್ಪುವುದಿಲ್ಲ. ಎರಡು ಕಣ್ಣು ಊರಿಗೆಲ್ಲ ಇದೆ. 'ಇಬ್ಬರಿಗೂ ಅಜ್ಜನ ಹಾಗೆ ಎಡಗಿವಿಯ ತುದಿ ಸೀಳಿದೆ' ಅಂದರೆ ಅದಕ್ಕೆ ಬೆಲೆ. ಹೆನ್ನಿಗ್ ಹೇಳಿದ್ದೂ ಇಷ್ಟೇ: ಪುರಾತನವಾಗಿ ಎಲ್ಲರಿಗೂ ಬಂದ ಲಕ್ಷಣ ಲೆಕ್ಕಕ್ಕಿಲ್ಲ, ಒಂದು ಗುಂಪಿನಲ್ಲಿ ಹೊಸದಾಗಿ ಹುಟ್ಟಿ ಆ ಗುಂಪಿನವರು ಮಾತ್ರ ಹಂಚಿಕೊಂಡ ಲಕ್ಷಣವೇ ನೆಂಟಸ್ತನದ ಸಾಕ್ಷಿ. 1986ರಲ್ಲಿ ಜಾಕ್ ಗೋಥಿಯೆ ಈ ನಿಯಮವನ್ನು ಥೆರೊಪಾಡ್ ಡೈನೋಸಾರ್‌ಗಳಿಗೆ, ಅಂದರೆ ಎರಡು ಕಾಲಲ್ಲಿ ನಡೆಯುವ, ಹೆಚ್ಚಾಗಿ ಮಾಂಸ ತಿನ್ನುವ ಗುಂಪಿಗೆ, ಕ್ರಮವಾಗಿ ಹಚ್ಚಿದರು. ಹಕ್ಕಿಗಳು ಅದರೊಳಗೇ ಬಂದು ಬಿದ್ದವು.

ಒಂದು ಲಕ್ಷಣ 'ನಮ್ಮವರಿಗೆ ಮಾತ್ರ' ಅನ್ನುವುದು ಎಷ್ಟು ದಿನದ ಮಾತು ಅನ್ನುವುದಕ್ಕೆ ಕವಲು ಮೂಳೆಯೇ ಉದಾಹರಣೆ. ಡೆನ್ಮಾರ್ಕ್‌ನ ಚಿತ್ರಕಾರ ಗೆರ್ಹಾರ್ಡ್ ಹೈಲ್‌ಮನ್ 1926ರಲ್ಲಿ ಇಂಗ್ಲಿಷಿನಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಥೆರೊಪಾಡ್‌ಗಳಿಗೂ ಹಕ್ಕಿಗಳಿಗೂ ಇರುವ ಹೋಲಿಕೆಗಳನ್ನೆಲ್ಲ ಪಟ್ಟಿ ಮಾಡಿದರು. ಆಮೇಲೆ, ಥೆರೊಪಾಡ್‌ಗಳಿಗೆ ಕೊರಳೆಲುಬೇ ಇಲ್ಲ, ಕಳೆದುಹೋದದ್ದು ಮತ್ತೆ ಬರಲಾರದು, ಆದ್ದರಿಂದ ಅವು ಹಕ್ಕಿಯ ಪೂರ್ವಜರಲ್ಲ ಅಂತ ತೀರ್ಮಾನಿಸಿದರು. ಹತ್ತಾರು ವರ್ಷ ಜಗತ್ತು ಅದನ್ನೇ ನಂಬಿತು. ತಮಾಷೆ ಅಂದರೆ, 1923ರಲ್ಲೇ ಮಂಗೋಲಿಯಾದಲ್ಲಿ ಓವಿರಾಪ್ಟರ್ ಅನ್ನುವ ಥೆರೊಪಾಡ್ ಸಿಕ್ಕಿತ್ತು. ಅದರಲ್ಲಿ ಕವಲು ಮೂಳೆ ಎದ್ದು ಕಾಣುತ್ತಿತ್ತು. 1924ರ ವಿವರಣೆಯಲ್ಲಿ ಅದಕ್ಕೆ ಬೇರೆ ಮೂಳೆಯ ಹೆಸರು ಬರೆದಿದ್ದರು! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಈಗ ವೆಲಾಸಿರಾಪ್ಟರ್‌ನಲ್ಲೂ ಇದೆ, ಟಿರಾನೋಸಾರಸ್‌ನಲ್ಲೂ ಇದೆ. ಹಕ್ಕಿಯ ಗುರುತಾಗಿ ಅದಕ್ಕೆ ಬೆಲೆ ಹೋಯಿತು. 1996ರಲ್ಲಿ ಸೈನೋಸಾರೋಪ್ಟೆರಿಕ್ಸ್ ಅನ್ನುವ ಗರಿಯ ಹೊದಿಕೆಯ ಡೈನೋಸಾರ್ ಬಂದ ಮೇಲೆ ಗರಿಯ ಕಥೆಯೂ ಅದೇ ದಾರಿ ಹಿಡಿಯಿತು.

2005ರಲ್ಲಿ ಇನ್ನೊಂದು ಪೆಟ್ಟು. ಈಗ ಅಮೆರಿಕದ ಥರ್ಮಾಪೊಲಿಸ್‌ನಲ್ಲಿರುವ ಹತ್ತನೇ ಆರ್ಕಿಯೋಪ್ಟೆರಿಕ್ಸ್ ಅನ್ನು ಗೆರಾಲ್ಡ್ ಮಾಯರ್ ತಂಡ ವಿವರಿಸಿತು. ಪಾದಗಳು ಅಪರೂಪಕ್ಕೆ ಚೆನ್ನಾಗಿ ಉಳಿದಿದ್ದವು. ಮರದ ಕೊಂಬೆ ಹಿಡಿಯುವ ಹಕ್ಕಿಗಳಲ್ಲಿ ಕಾಲಿನ ಮೊದಲ ಬೆರಳು ಪೂರ್ತಿ ಹಿಂದಕ್ಕೆ ತಿರುಗಿರುತ್ತದೆ. ಇಲ್ಲಿ ತಿರುಗಿರಲಿಲ್ಲ. ಎರಡನೇ ಬೆರಳಿನ ಕೀಲು ಅದನ್ನು ಮೇಲಕ್ಕೆ ಎತ್ತಿ ಹಿಡಿಯುವಂತಿತ್ತು. ಯಾರ ಹಾಗೆ? ಡೈನೋನಿಕಸ್ ಹಾಗೆ.

ಶಿಯಾವೊಟಿಂಗಿಯಾ ಬಂದಳು

ಹೆಣ್ಣೋ ಗಂಡೋ ಗೊತ್ತಾಗುವಂತಿಲ್ಲ. ಮನೆಗೆ ಹೊಸ ಸೊಸೆ ಬಂದ ಮೇಲೆ ಹಳೆಯ ಲೆಕ್ಕವೆಲ್ಲ ಬಿಚ್ಚಿಕೊಂಡ ಹಾಗಾಯಿತು ಅಂತ ಹಾಗೆ ಬರೆದೆ.

ಪಳೆಯುಳಿಕೆ ಇದ್ದದ್ದು ಶಾಂಡೊಂಗ್ ಪ್ರಾಂತ್ಯದ ತಿಯಾನ್‌ಯು ಮ್ಯೂಸಿಯಂನಲ್ಲಿ. ಅದನ್ನು ಕಟ್ಟಿದ ಝೆಂಗ್ ಶಿಯಾವೊಟಿಂಗ್ ಅವರ ಹೆಸರನ್ನೇ ಪ್ರಾಣಿಗೆ ಕೊಟ್ಟರು. ಲಿಯಾವೊನಿಂಗ್‌ನ ಇಂಥ ಎಷ್ಟೋ ಮಾದರಿಗಳು ವಿಜ್ಞಾನಿಗಳೇ ಅಗೆದವಲ್ಲ, ವ್ಯಾಪಾರಿಗಳ ಕೈಯಿಂದ ಮ್ಯೂಸಿಯಂಗೆ ಬಂದವು. ಇದರಲ್ಲಿ ಅಪಾಯ ಇದೆ. 1999ರಲ್ಲಿ 'ಆರ್ಕಿಯೋರಾಪ್ಟರ್' ಅಂತ ದೊಡ್ಡ ಸುದ್ದಿಯಾದ ಪಳೆಯುಳಿಕೆ ಹಕ್ಕಿಯ ಮೈಗೆ ಡೈನೋಸಾರ್ ಬಾಲ ಅಂಟಿಸಿದ ನಕಲಿ ಅಂತ ಆಮೇಲೆ ತಿಳಿಯಿತು. ಆ ಬಾಲದ ಇನ್ನೊಂದು ಪಾಲನ್ನು ಬೇರೆ ಕಲ್ಲಿನಲ್ಲಿ ಗುರುತಿಸಿ ಬಯಲು ಮಾಡಿದ್ದು ಇದೇ ಶೂ ಶಿಂಗ್. ಲಕ್ಷಣ ಎಣಿಸಿ ನೆಂಟಸ್ತನ ಹೇಳುವವರಿಗೆ ಅಂಟಿಸಿದ ಬಾಲಕ್ಕಿಂತ ದೊಡ್ಡ ಶತ್ರು ಇಲ್ಲ. ಹಾಗಾಗಿ ಅವರು ಕಲ್ಲು ನೋಡುವಾಗ ಕಣ್ಣು ಮುಚ್ಚಿಕೊಳ್ಳುವವರಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಕೆಲಸ ನಡೆಯುವ ರೀತಿ ಹೀಗೆ. ಒಂದು ದೊಡ್ಡ ಕೋಷ್ಟಕ. ಒಂದೊಂದು ಸಾಲಿಗೆ ಒಂದು ಪ್ರಾಣಿ, ಒಂದೊಂದು ಕಲಂಗೆ ಒಂದು ಲಕ್ಷಣ. ಮಣಿಕಟ್ಟಿನಲ್ಲಿ ಅರ್ಧಚಂದ್ರ ಮೂಳೆ ಇದೆಯೇ? ಇಲ್ಲ ಅಂದರೆ 0, ಇದೆ ಅಂದರೆ 1. ಕಲ್ಲು ಒಡೆದು ಆ ಜಾಗವೇ ಕಾಣದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಶೂ ತಂಡದ ಕೋಷ್ಟಕದಲ್ಲಿ 89 ಪ್ರಾಣಿ, 374 ಲಕ್ಷಣ. ಕಲ್ಲಿನಲ್ಲಿ ಚಪ್ಪಟೆಯಾಗಿ ಅಪ್ಪಚ್ಚಿಯಾದ ಪ್ರಾಣಿಗೆ ಇದರಲ್ಲಿ ಎಷ್ಟು ಪ್ರಶ್ನಾರ್ಥಕ ಬೀಳುತ್ತದೆ ಅಂತ ಯೋಚಿಸಿ. ಕೋಷ್ಟಕ ತುಂಬುವುದು ಗುಮಾಸ್ತಿಕೆ ಅಂತ ಹೊರಗಿನವರಿಗೆ ಅನ್ನಿಸಬಹುದು. ನಿಜವಾದ ತಲೆನೋವು ಅಲ್ಲೇ ಇರುವುದು. 'ಉದ್ದನೆಯ ತೋಳು' ಅಂದರೆ ಎಷ್ಟು ಉದ್ದ? ಕಾಲಿನ ಶೇಕಡಾ ಎಷ್ಟು ಮುಟ್ಟಿದರೆ 0 ಹೋಗಿ 1 ಆಗುತ್ತದೆ? ತೋಳಿನ ಮೇಲ್ಭಾಗ ಉದ್ದ, ಕೆಳಭಾಗ ಉದ್ದ, ಕೈ ಉದ್ದ ಅಂತ ಮೂರು ಕಲಂ ಮಾಡಿದರೆ ಒಂದೇ ಸಂಗತಿಯನ್ನು ಮೂರು ಸಲ ಎಣಿಸಿದ ಹಾಗಲ್ಲವೇ?

ಕೋಷ್ಟಕ ತುಂಬಿದ ಮೇಲೆ ಕಂಪ್ಯೂಟರ್ ಕೆಲಸ. ಸಾಧ್ಯವಿರುವ ವಂಶವೃಕ್ಷಗಳನ್ನು ಹೋಲಿಸಿ, ಅತಿ ಕಡಿಮೆ ಬದಲಾವಣೆಗಳಲ್ಲಿ ಕಥೆ ಮುಗಿಸುವ ಮರವನ್ನು ಅದು ಆರಿಸುತ್ತದೆ. ಇದಕ್ಕೆ ಪಾರ್ಸಿಮನಿ ಅನ್ನುತ್ತಾರೆ. ನಾವು ಜಿಪುಣ ಲೆಕ್ಕ ಅನ್ನೋಣ.

ಒಂದು ಪುಟ್ಟ ಲೆಕ್ಕ ಮಾಡಿ ತೋರಿಸುತ್ತೇನೆ. ಇದು ನಾನೇ ಕಟ್ಟಿದ್ದು, ಆ ಪ್ರಬಂಧದ್ದಲ್ಲ. ಮೂರು ಪ್ರಾಣಿ: ಆರ್ಕಿಯೋಪ್ಟೆರಿಕ್ಸ್, ಡೈನೋನಿಕಸ್, ಕೋಳಿ. ಐದು ಹೊಸ ಲಕ್ಷಣ. ಅದರಲ್ಲಿ ಮೂರು ಆರ್ಕಿಯೋಪ್ಟೆರಿಕ್ಸ್ ಮತ್ತು ಡೈನೋನಿಕಸ್ ಇಬ್ಬರಲ್ಲಿ ಮಾತ್ರ ಇವೆ. ಉಳಿದೆರಡು ಆರ್ಕಿಯೋಪ್ಟೆರಿಕ್ಸ್ ಮತ್ತು ಕೋಳಿಯಲ್ಲಿ ಮಾತ್ರ. ಆರ್ಕಿಯೋಪ್ಟೆರಿಕ್ಸ್ ಅನ್ನು ಡೈನೋನಿಕಸ್ ಪಕ್ಕ ಕೂರಿಸಿದರೆ ಮೊದಲ ಮೂರು ಲಕ್ಷಣ ಒಂದೊಂದೇ ಸಲ ಹುಟ್ಟಿದರೆ ಸಾಕು, ಉಳಿದೆರಡು ಎರಡೆರಡು ಸಲ ಹುಟ್ಟಬೇಕು. ಒಟ್ಟು 7 ಬದಲಾವಣೆ. ಕೋಳಿಯ ಪಕ್ಕ ಕೂರಿಸಿದರೆ ಮೂರು ಲಕ್ಷಣ ಎರಡೆರಡು ಸಲ, ಎರಡು ಲಕ್ಷಣ ಒಂದೊಂದು ಸಲ. ಒಟ್ಟು 8. ಜಿಪುಣ ಲೆಕ್ಕ 7ನ್ನು ಹಿಡಿಯುತ್ತದೆ. ಒಂದೇ ಒಂದು ಹೆಜ್ಜೆಯ ಅಂತರ. ಇನ್ನೆರಡು ಲಕ್ಷಣ ಕೋಳಿ ಕಡೆ ಸಿಕ್ಕರೆ ತೀರ್ಪು ತಿರುಗಿತು.

ಶೂ ತಂಡದ ಮರದಲ್ಲಿ ನಡೆದದ್ದು ಇದೇ ಜಾತಿಯ ವಿಷಯ. ಆರ್ಕಿಯೋಪ್ಟೆರಿಕ್ಸ್, ಶಿಯಾವೊಟಿಂಗಿಯಾ ಮತ್ತು 2009ರಲ್ಲಿ ಹೆಸರು ಪಡೆದಿದ್ದ ಆಂಕಿಯೋರ್ನಿಸ್ ಮೂರೂ ಒಂದು ಗುಂಪಾದವು. ಕವಲು ಮೂಳೆಯ ಆಕಾರ, ಕೈಬೆರಳ ಗೆಣ್ಣುಗಳ ಅಳತೆಯಂಥ ಸಣ್ಣ ವಿವರಗಳು ಅವನ್ನು ಕಟ್ಟಿಹಾಕಿದವು. ಆ ಗುಂಪು ಹೋಗಿ ಡೈನೋನಿಕೋಸಾರ್‌ಗಳ, ಅಂದರೆ ವೆಲಾಸಿರಾಪ್ಟರ್ ಮತ್ತು ಟ್ರೊಡಾನ್ ಬಳಗದ (ಚಿಕ್ಕದಾಗಿ ರಾಪ್ಟರ್‌ಗಳು ಅನ್ನೋಣ) ಬುಡದಲ್ಲಿ ಸೇರಿತು.

ಅವರ ವಾದದಲ್ಲಿ ನನಗೆ ಬಲವಾಗಿ ಕಂಡದ್ದು ತಲೆಬುರುಡೆಯ ಭಾಗ. ಆರ್ಕಿಯೋಪ್ಟೆರಿಕ್ಸ್ ತಲೆಯನ್ನು ಪಕ್ಕದಿಂದ ನೋಡಿದರೆ ತ್ರಿಕೋನ. ಮೂತಿ ತಗ್ಗು, ಮುಂದೆ ಮೊನಚು. ವೆಲಾಸಿರಾಪ್ಟರ್ ಬಳಗದ ತಲೆಯೂ ಹಾಗೇ. ಅದೇ ಆ ಕಾಲದ ಇತರ ಆದಿಹಕ್ಕಿಗಳನ್ನು ನೋಡಿ. ಜೆಹೋಲೋರ್ನಿಸ್, ಸೇಪಿಯೋರ್ನಿಸ್, ಅವಕ್ಕೆ ಹತ್ತಿರದ್ದು ಅಂತ ಶೂ ತಂಡ ಇಟ್ಟಿದ್ದ ಎಪಿಡೆಕ್ಸಿಪ್ಟೆರಿಕ್ಸ್. ಇವುಗಳ ಮೂತಿ ಗಿಡ್ಡ, ಎತ್ತರ, ಪೆಟ್ಟಿಗೆಯ ಹಾಗೆ. ಓವಿರಾಪ್ಟರ್ ಮುಖಕ್ಕೆ ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆರ್ಕಿಯೋಪ್ಟೆರಿಕ್ಸ್ ಯಾರ ಕಡೆಯವನು ಅನ್ನುವುದು ಮಗುವಿಗೂ ತಿಳಿಯುತ್ತದೆ ಅನ್ನಿಸುತ್ತದೆ.

ಅನ್ನಿಸುವುದೇ ತೊಂದರೆ. ತ್ರಿಕೋನ ತಲೆ ಆ ಇಡೀ ಬಳಗಕ್ಕೆ ಹಳೆಯ ಅಜ್ಜನಿಂದಲೇ ಬಂದದ್ದಾದರೆ? ಆಗ ಅದು 'ಎರಡು ಕಣ್ಣಿನ' ಸಾಲಿಗೆ ಸೇರುತ್ತದೆ. ಎತ್ತಿ ಹಿಡಿಯುವ ಎರಡನೇ ಬೆರಳಿಗೂ ಇದೇ ಪ್ರಶ್ನೆ. ಹಕ್ಕಿಗಳ ಮತ್ತು ರಾಪ್ಟರ್‌ಗಳ ಸಾಮಾನ್ಯ ಪೂರ್ವಜನಿಗೇ ಆ ಬೆರಳು ಇದ್ದು, ಹಕ್ಕಿಗಳು ಆಮೇಲೆ ಕಳೆದುಕೊಂಡಿದ್ದರೆ ಅದು ಯಾವ ಪಕ್ಷಕ್ಕೂ ಸಾಕ್ಷಿಯಲ್ಲ. ಮಡಗಾಸ್ಕರ್‌ನ ರಹೋನಾವಿಸ್‌ಗೂ ಕುಡುಗೋಲು ಉಗುರಿದೆ. 1998ರಲ್ಲಿ ಅದಕ್ಕೆ ಹಕ್ಕಿ ಅಂತಲೇ ಹೆಸರಿಟ್ಟದ್ದು. ರುಮೇನಿಯಾದ ಬಾಲೌರ್‌ಗೆ ಒಂದೊಂದು ಕಾಲಲ್ಲಿ ಎರಡೆರಡು ಅಂಥ ಉಗುರು. 2010ರಲ್ಲಿ ಅದು ರಾಪ್ಟರ್, 2015ರಲ್ಲಿ ಇನ್ನೊಂದು ತಂಡದ ಲೆಕ್ಕದಲ್ಲಿ ಹಕ್ಕಿ.

ಶೂ ತಂಡ ತಮ್ಮ ತೀರ್ಪು ಗಟ್ಟಿಯಲ್ಲ ಅಂತ ತಾವೇ ಬರೆದುಕೊಂಡಿತ್ತು. ಇದನ್ನು ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ. ಕೋಷ್ಟಕದಿಂದ ಶಿಯಾವೊಟಿಂಗಿಯಾದ ಸಾಲೊಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಆರ್ಕಿಯೋಪ್ಟೆರಿಕ್ಸ್ ತಿರುಗಿ ಹಕ್ಕಿಗಳ ಜೊತೆ ಹೋಗುತ್ತಿತ್ತು! 89ರಲ್ಲಿ ಒಂದು ಸಾಲು. ಯಾಕೆ ಹೀಗೆ? ಹೊಸ ಪ್ರಾಣಿ ಎರಡೂ ಕಡೆಯ ಲಕ್ಷಣಗಳನ್ನು ಹೊತ್ತು ಬಂದಿತ್ತು. ಅಲ್ಲಿಯವರೆಗೆ ಆರ್ಕಿಯೋಪ್ಟೆರಿಕ್ಸ್‌ಗೂ ಹಕ್ಕಿಗಳಿಗೂ ಮಾತ್ರ ಸೇರಿದ್ದು ಅಂದುಕೊಂಡಿದ್ದ ಒಂದೆರಡು ವಿಷಯ ಇದರಲ್ಲೂ ಇದ್ದರೆ, 'ಮಾತ್ರ' ಅನ್ನುವ ಪದ ಬಿದ್ದುಹೋಯಿತು. ಕವಲು ಮೂಳೆಗೆ ಆದ ಗತಿಯೇ ಇವಕ್ಕೂ.

ಅದೇ ಕೋಷ್ಟಕ, ಬೇರೆ ತಕ್ಕಡಿ

ಕೆಲವೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಲೀ ಮತ್ತು ಟ್ರೆವರ್ ವರ್ದಿ ಉತ್ತರ ಕೊಟ್ಟರು. ಅವರು ಹೊಸ ಪಳೆಯುಳಿಕೆ ತರಲಿಲ್ಲ. ಶೂ ತಂಡದ ಅದೇ ಕೋಷ್ಟಕ, ಅದೇ 0, ಅದೇ 1. ಜಿಪುಣ ಲೆಕ್ಕದ ಬದಲು ಸಂಭವನೀಯತೆಯ ಲೆಕ್ಕ ಹಾಕಿದರು, ಅಷ್ಟೇ. ಆರ್ಕಿಯೋಪ್ಟೆರಿಕ್ಸ್ ಮತ್ತೆ ಹಕ್ಕಿಯಾಯಿತು.

ವ್ಯತ್ಯಾಸ ಎಲ್ಲಿ? ಜಿಪುಣ ಲೆಕ್ಕಕ್ಕೆ ಎಲ್ಲ ಲಕ್ಷಣವೂ ಒಂದೇ ಬೆಲೆ, ತಲೆಗೊಂದು ಓಟು. ಸಂಭವನೀಯತೆಯ ಲೆಕ್ಕ ಬೇರೆ ಥರ ಯೋಚಿಸುತ್ತದೆ. ಒಂದು ಲಕ್ಷಣ ಮರದ ತುಂಬ ಅಲ್ಲಿ ಇಲ್ಲಿ ಹುಟ್ಟಿ, ಹೋಗಿ, ಮತ್ತೆ ಹುಟ್ಟುತ್ತಿದ್ದರೆ ಅದು ಸಡಿಲ ನಾಲಿಗೆಯ ಸಾಕ್ಷಿ. ಅದು ಇನ್ನೊಂದು ಕಡೆಯೂ ತಾನಾಗಿ ಹುಟ್ಟಿರಬಹುದು, ನೆಂಟಸ್ತನವೇ ಬೇಕಿಲ್ಲ. ಇನ್ನೊಂದು ಲಕ್ಷಣ ಇಡೀ ಮರದಲ್ಲಿ ಒಂದೇ ಸಲ ಬದಲಾಗಿದ್ದರೆ ಅದರ ಮಾತಿಗೆ ತೂಕ.

ಲೀ ಮತ್ತು ವರ್ದಿ ಸಾಕ್ಷಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ ಕಂಡದ್ದು ಇದು. ಆರ್ಕಿಯೋಪ್ಟೆರಿಕ್ಸ್ ರಾಪ್ಟರ್ ಬಳಗದ್ದು ಅನ್ನುವ ಲಕ್ಷಣಗಳು ಸಂಖ್ಯೆಯಲ್ಲಿ ಜಾಸ್ತಿ. ಆದರೆ ಸರಾಸರಿಯಲ್ಲಿ ಅವು ಸಡಿಲ ನಾಲಿಗೆಯವು. ಹಕ್ಕಿ ಅನ್ನುವ ಲಕ್ಷಣಗಳು ಕಡಿಮೆ, ಆದರೆ ಹೆಚ್ಚು ನಂಬಿಕಸ್ತ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ, ಹಾಗೆ. ಅವರ ಲೆಕ್ಕದಲ್ಲಿ ಹಕ್ಕಿ ಪಕ್ಷಕ್ಕೆ ಒಂದು ವಿಧಾನದಲ್ಲಿ ಶೇಕಡಾ 73ರ ಬೆಂಬಲ, ಇನ್ನೊಂದರಲ್ಲಿ ಪೂರ್ತಿ 1, ಅಂದರೆ ಶೇಕಡಾ 100. ಕೇಳಲು ದೊಡ್ಡ ಗೆಲುವು. ಆದರೂ ಅವರು ಮೀಸೆ ತಿರುವಲಿಲ್ಲ. ಎರಡೂ ಸ್ಥಾನ ಸಾಧ್ಯ, ಹಕ್ಕಿಗೂ ಡೈನೋಸಾರ್‌ಗೂ ನಡುವಿನ ಗಡಿಯೇ ಮಸುಕು ಅಂತ ಬರೆದರು.

ನಾನು ಯಾರ ಪಕ್ಷ? ಲಕ್ಷಣಗಳಿಗೆ ತೂಕ ಬೇರೆ ಬೇರೆ ಇರಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ತಲೆಗೊಂದು ಓಟು ಚುನಾವಣೆಗೆ ಸರಿ, ಮೂಳೆಗೆ ಸರಿಯಲ್ಲ. ಆದರೆ ತೂಕ ಹಾಕುವ ತಕ್ಕಡಿಯೂ ಅದೇ ಮರವನ್ನು ನೋಡಿಯೇ ತೂಕ ಕಲಿಯುತ್ತದೆ ಅನ್ನುವುದು ನನಗೆ ಸ್ವಲ್ಪ ಇರಿಸುಮುರಿಸು. ಮರ ತಪ್ಪಿದ್ದರೆ ಯಾವ ಸಾಕ್ಷಿ ಸಡಿಲ, ಯಾವುದು ಗಟ್ಟಿ ಅನ್ನುವ ತಿಳಿವಳಿಕೆಯೂ ತಪ್ಪೇ ಅಲ್ವಾ.

ಜಗಳದ ಹಿಂದೆ ಹಾರಾಟದ ಪ್ರಶ್ನೆಯೂ ಇತ್ತು. ಆರ್ಕಿಯೋಪ್ಟೆರಿಕ್ಸ್ ರಾಪ್ಟರ್‌ಗಳ ಕಡೆಯದಾದರೆ, ಮುಂಗೈಯ ರೆಕ್ಕೆ ಬಡಿದು ಹಾರುವ ಶಕ್ತಿ ಎರಡು ಸಲ ಬೇರೆ ಬೇರೆಯಾಗಿ ಹುಟ್ಟಿರಬೇಕು. ಇಲ್ಲವೇ ರಾಪ್ಟರ್‌ಗಳ ಪೂರ್ವಜರು ಹಾರುತ್ತಿದ್ದು ಆಮೇಲೆ ಬಿಟ್ಟಿರಬೇಕು. ಹಕ್ಕಿಗಳ ಕಡೆಯದಾದರೆ ಒಂದೇ ಸಲ ಹುಟ್ಟಿದರೆ ಸಾಕು.

ಇನ್ನೊಂದು ತಮಾಷೆಯ ತೊಡಕು ಹೆಸರಿನದ್ದು. 'ಹಕ್ಕಿ' ಅನ್ನುವ ಗುಂಪಿಗೆ ಕೆಲವರು ಕೊಟ್ಟ ವ್ಯಾಖ್ಯೆ ಹೀಗಿದೆ: ಆರ್ಕಿಯೋಪ್ಟೆರಿಕ್ಸ್ ಮತ್ತು ಇಂದಿನ ಹಕ್ಕಿಗಳ ಕೊನೆಯ ಸಾಮಾನ್ಯ ಪೂರ್ವಜ, ಅದರ ಎಲ್ಲ ಸಂತತಿ. ಈ ವ್ಯಾಖ್ಯೆಯ ಪ್ರಕಾರ ಆರ್ಕಿಯೋಪ್ಟೆರಿಕ್ಸ್ ಹಕ್ಕಿ ಅಲ್ಲದೆ ಹೋಗುವುದು ಸಾಧ್ಯವೇ ಇಲ್ಲ, ಗೂಟವೇ ಅದು. ಅದನ್ನು ವೆಲಾಸಿರಾಪ್ಟರ್ ಪಕ್ಕ ಸರಿಸಿದರೆ ವೆಲಾಸಿರಾಪ್ಟರ್ ಕೂಡ ಹಕ್ಕಿಯಾಗಿಬಿಡುತ್ತದೆ! ಹಸುವನ್ನು ಗೂಟಕ್ಕೆ ಕಟ್ಟಬಹುದು, ಗೂಟವನ್ನೇ ಕಿತ್ತು ಪಕ್ಕದ ಹೊಲದಲ್ಲಿ ನೆಟ್ಟರೆ ಹೊಲ ಯಾರದ್ದು?

ಆಮೇಲೆ ಬಂದ ಲೆಕ್ಕಗಳು

2013ರಲ್ಲಿ ಬೆಲ್ಜಿಯಂನ ಪಾಸ್ಕಲ್ ಗೊಡೆಫ್ರಾ ತಂಡ ಲಿಯಾವೊನಿಂಗ್‌ನ ಇನ್ನೊಂದು ಪ್ರಾಣಿಗೆ ಆರೋರ್ನಿಸ್ ಅಂತ ಹೆಸರಿಟ್ಟಿತು. ಶೂ ಗೌರವಾರ್ಥ ಅದರ ಎರಡನೇ ಹೆಸರು ಶೂಯಿ. ಈ ಸಲ ಕೋಷ್ಟಕದಲ್ಲಿ ಸುಮಾರು 1,500 ಲಕ್ಷಣ. ಅದು ಜಿಪುಣ ಲೆಕ್ಕವೇ, ಆದರೂ ಆರ್ಕಿಯೋಪ್ಟೆರಿಕ್ಸ್ ಹಕ್ಕಿಗಳ ಕಡೆ ಬಂತು. ಜೊತೆಗೆ ಶಿಯಾವೊಟಿಂಗಿಯಾವನ್ನೂ ಕರೆದುಕೊಂಡು ಬಂತು. ಶೂ ಹೆಸರಿನ ಪ್ರಾಣಿಯೇ ಶೂ ಮರವನ್ನು ತಿರುಗಿಸಿದ್ದು!

ಮುಗಿಯಿತು ಅಂದುಕೊಂಡರೆ 2019ರಲ್ಲಿ ಸ್ಕಾಟ್ ಹಾರ್ಟ್‌ಮನ್ ತಂಡ ಅಮೆರಿಕದ ವಯೋಮಿಂಗ್‌ನ ಹೆಸ್ಪೆರೋರ್ನಿಥಾಯ್ಡೀಸ್ ಅನ್ನುವ ಡೈನೋಸಾರ್ ಅನ್ನು ವಿವರಿಸಿತು. 501 ಸಾಲಿನ, 700 ಲಕ್ಷಣದ ಬೃಹತ್ ಕೋಷ್ಟಕ. ಅದರಲ್ಲಿ ಆರ್ಕಿಯೋಪ್ಟೆರಿಕ್ಸ್ ಮತ್ತೆ ರಾಪ್ಟರ್‌ಗಳ ಕಡೆ. ಅದನ್ನು ಹಕ್ಕಿಗಳ ಕಡೆ ಸರಿಸಲು ತೀರಾ ಕಡಿಮೆ ಹೆಜ್ಜೆ ಸಾಕಿತ್ತು ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. 2020ರಲ್ಲಿ ಪೈ ರುಯಿ ಮತ್ತು ಸಂಗಡಿಗರ ಮರದಲ್ಲಿ ಮತ್ತೆ ಹಕ್ಕಿ. ಇವತ್ತು ಹೆಚ್ಚಿನವರು ಅದನ್ನು ಹಕ್ಕಿಗಳ ಕೊಂಬೆಯಲ್ಲೇ ಇಡುತ್ತಾರೆ.

2025ರಲ್ಲಿ ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿರುವ ಮಾದರಿಯ ವಿವರ ಬಂತು. ಜಿಂಗ್ಮೈ ಓಕಾನರ್ ತಂಡ ಅದರ ತೋಳಿನ ಮೇಲ್ಭಾಗದಲ್ಲಿ ಒಂದು ಸಾಲು ಗರಿ ಕಂಡಿತು. ರೆಕ್ಕೆಗೂ ಮೈಗೂ ನಡುವಿನ ಸಂದಿಯನ್ನು ಮುಚ್ಚುವ ಗರಿಗಳು ಇವು. ಸಂದಿ ತೆರೆದಿದ್ದರೆ ಗಾಳಿ ಅಲ್ಲಿಂದ ನುಗ್ಗಿ ಹಾರಾಟ ಕೆಡುತ್ತದೆ. ಹಕ್ಕಿಯಲ್ಲದ ಗರಿಯ ಡೈನೋಸಾರ್‌ಗಳಲ್ಲಿ ಗರಿಗಳ ಸಾಲು ಮೊಣಕೈಗೇ ನಿಂತುಬಿಡುತ್ತದೆ. ಹಕ್ಕಿ ಪಕ್ಷಕ್ಕೆ ಒಂದು ಒಳ್ಳೆಯ ಸಾಕ್ಷಿ ಅನ್ನಬಹುದು. ಆದರೆ ಗರಿಯೂ ಕವಲು ಮೂಳೆಯೂ ಒಂದು ಕಾಲದಲ್ಲಿ ಇಂಥದ್ದೇ ಸಾಕ್ಷಿಗಳಾಗಿದ್ದವು.

ಶಿಯಾವೊಟಿಂಗಿಯಾ ಈಗ ಸಾಮಾನ್ಯವಾಗಿ ಆಂಕಿಯೋರ್ನಿಸ್ ಬಳಗದಲ್ಲಿದೆ. ಆ ಬಳಗವೇ ಒಂದು ಮರದಲ್ಲಿ ಹಕ್ಕಿಗಳ ಬುಡದಲ್ಲಿ, ಇನ್ನೊಂದರಲ್ಲಿ ಟ್ರೊಡಾನ್‌ಗಳ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ನೆದರ್ಲೆಂಡ್ಸ್‌ನ ಹಾರ್ಲೆಮ್ ಊರಿನ ಟೈಲರ್ಸ್ ಮ್ಯೂಸಿಯಂನಲ್ಲಿ ಒಂದು ಕಲ್ಲಿದೆ. ಬವೇರಿಯಾದಲ್ಲಿ 1855ರಲ್ಲಿ ಸಿಕ್ಕಿದ್ದು, ಆರ್ಕಿಯೋಪ್ಟೆರಿಕ್ಸ್ ಅನ್ನುವ ಹೆಸರು ಹುಟ್ಟುವುದಕ್ಕೆ ಆರು ವರ್ಷ ಮೊದಲು. 1857ರಲ್ಲಿ ಅದನ್ನು ಹಾರುವ ಹಲ್ಲಿ ಅಂತ ವಿವರಿಸಿದ್ದು ಹರ್ಮನ್ ಫಾನ್ ಮೇಯರ್, ಮುಂದೆ ಆರ್ಕಿಯೋಪ್ಟೆರಿಕ್ಸ್‌ಗೆ ಹೆಸರಿಟ್ಟ ಅದೇ ಫಾನ್ ಮೇಯರ್. ಅದೇ ಹೆಸರಲ್ಲಿ 100 ವರ್ಷಕ್ಕೂ ಮೇಲೆ ಇತ್ತು. 1970ರಲ್ಲಿ ಹಾರುವ ಹಲ್ಲಿಗಳನ್ನು ನೋಡಲು ಹೋದ ಜಾನ್ ಆಸ್ಟ್ರಮ್ ಕಣ್ಣಿಗೆ ಅದರ ಮೇಲೆ ಮಸುಕು ಗರಿ ಬಿತ್ತು. ಅದು ಆರ್ಕಿಯೋಪ್ಟೆರಿಕ್ಸ್ ಆಯಿತು. 2017ರಲ್ಲಿ ಕ್ರಿಶ್ಚಿಯನ್ ಫೋತ್ ಮತ್ತು ಓಲಿವರ್ ರೌಹುಟ್ ಮತ್ತೆ ಅಳೆದು ನೋಡಿ, ಇದು ಆಂಕಿಯೋರ್ನಿಸ್ ಬಳಗದ್ದು ಅಂದರು. ಈಗ ಅದರ ಹೆಸರು ಆಸ್ಟ್ರೋಮಿಯಾ.